ತೊಟ್ಟಿಲು ತುಂಬದಿದ್ದರೆ ತಾಯಿಯ ತಪ್ಪೇ?

ಕಲಘಟಗಿಯ ತೊಟ್ಟಿಲನ್ನು ಅರಿಯದ ಮನೆ ಉತ್ತರ ಕರ್ನಾಟಕದಲ್ಲಿ ವಿರಳ. ಸಾಗುವಾನಿಯ ಕಟ್ಟಿಗೆಗೆ ಅರಗಿನ ಬಣ್ಣವೇರಿಸಿ, ದೇವರ ಲೀಲೆಗಳನ್ನು ಬರೆದು, ತಲೆಮಾರುಗಟ್ಟಲೆ ಬಾಳುವಂತೆ ಅದನ್ನು ಮಾಡುವರು. ಅಜ್ಜ ಆಡಿದ ತೊಟ್ಟಿಲಲ್ಲಿ ಮೊಮ್ಮಗನೂ ಆಡಿದನೆಂದು ಹೇಳಿಕೊಳ್ಳುವದು ನಮ್ಮಲ್ಲಿ ಮನೆತನದ ಅಭಿಮಾನದ ಮಾತು. ಆದರೆ ಅಟ್ಟದ ಮೇಲೆ ಬಟ್ಟೆ ಹೊದಿಸಿಕೊಂಡು ಸುಮ್ಮನೆ ಕುಳಿತ ತೊಟ್ಟಿಲುಗಳೂ ನಮ್ಮ ಊರುಗಳಲ್ಲಿ ಉಂಟು. ಆ ತೊಟ್ಟಿಲನ್ನು ಕಂಡಾಗಲೆಲ್ಲ ಮನೆಯವರ ಕಣ್ಣು ಒಬ್ಬಳ ಕಡೆಗೇ ತಿರುಗುವದು. ಆ ಕಣ್ಣಿನ ವಿಷಯವಾಗಿಯೇ ಈ ನಾಲ್ಕು ಮಾತು ಬರೆಯಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಶೀಗಿ ಹುಣ್ಣಿಮೆಯ ದಿನ ನವಲಗುಂದ ತಾಲೂಕಿನ ಒಂದು ಹಳ್ಳಿಗೆ, ಪರಿಚಯದ ಒಕ್ಕಲಿಗರ ಮನೆಗೆ ಹೋಗಿದ್ದೆನು. ಆ ಹಬ್ಬದ ಅರ್ಥವನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಪೈರು ಹೊತ್ತು ನಿಂತ ಭೂಮಿಯನ್ನು ಬಸುರಿಯೆಂದು ಭಾವಿಸಿ, ಅವಳ ಬಯಕೆ ತೀರಿಸಲೆಂದು ಬಗೆಬಗೆಯ ಅಡಿಗೆ ಮಾಡಿ, ಹೊಲದ ತುಂಬ ಚರಗ ಚೆಲ್ಲುವ ಹಬ್ಬವದು. ಬುಟ್ಟಿಗಳನ್ನು ಗಾಡಿಗೆ ಏರಿಸುತ್ತಿದ್ದರು. ಆ ಮನೆಯ ಸೊಸೆ ಒಂದು ಬುಟ್ಟಿಗೆ ಕೈ ಹಚ್ಚಿದಳು. ಹಿರಿಯ ಹೆಣ್ಣುಮಗಳೊಬ್ಬಳು ಮೆಲ್ಲಗೆ ಅಂದಳು: “ನೀ ಬ್ಯಾಡ ಬಿಡವ್ವಾ, ಬ್ಯಾರೇದವರು ಇಡ್ತಾರ.” ಸೊಸೆ ಕೈ ಹಿಂದಕ್ಕೆ ತೆಗೆದುಕೊಂಡಳು. ಆಕೆಗೆ ಮೂರು ಬಸಿರು ಇಳಿದಿದ್ದವೆಂದು ಆಮೇಲೆ ತಿಳಿಯಿತು. “ಆಕೀ ಮೈಯಾಗ ಬಸಿರು ನಿಲ್ಲೂದಿಲ್ರೀ” ಎಂದು ಯಜಮಾನರು ಹೊಲದ ಬದುವಿನ ಮೇಲೆ ಕುಳಿತು ನನಗೆ ವಿವರಿಸಿದರು. ಮಣ್ಣಿಗೆ ಸೀಮಂತ ಮಾಡುವ ಜನ, ಮನೆಯ ಹೆಣ್ಣುಮಗಳ ದುಃಖಕ್ಕೆ ಒಂದು ಸಮಾಧಾನದ ಮಾತನ್ನೂ ಆಡದಿದ್ದರೆ ಅದಕ್ಕೇನೆನ್ನಬೇಕು?

ಇದು ಹಳೆಯ ಕಾಲದ ಅಜ್ಞಾನ, ವಿದ್ಯೆ ಬಂದ ಮೇಲೆ ತಾನೇ ಹೋಗುವದೆಂದು ಸಮಾಧಾನ ಪಡುವವರುಂಟು. ಆ ಸಮಾಧಾನವೂ ನನಗಿಲ್ಲ. ಯಾಕಂದರೆ ಅದೇ ಯಜಮಾನರು ಅಂಗಿಯ ಕಿಸೆಯಿಂದ ಒಂದು ಕಾಗದ ತೆಗೆದು ತೋರಿಸಿದರು. ದೂರದ ದೊಡ್ಡ ಊರಿನ ಒಂದು ದವಾಖಾನೆಯದು. ಅಲ್ಲಿ ಅವರಿಗೆ ಹೇಳಿ ಕಳಿಸಿದ್ದಿಷ್ಟು: ಸೊಸೆಯ ಮೈಯ ರೋಗನಿರೋಧಕ ಶಕ್ತಿ ಗಂಡನ ಅಂಶವನ್ನು ಪರಕೀಯವೆಂದು ತಿಳಿದು ಹೊರಗೆ ದೂಡುತ್ತದೆ, ಗಂಡನ ರಕ್ತದ ಬಿಳಿಯ ಕಣಗಳನ್ನು ಆಕೆಗೆ ಚುಚ್ಚಿದರೆ ಸರಿಹೋಗುವದು, ಖರ್ಚು ಇಷ್ಟಾಗುವದು. ಆ ಖರ್ಚಿಗೆ ಎರಡು ಎಕರೆ ಎರಿ ಹೊಲವನ್ನು ಅಡವು ಇಡುವ ವಿಚಾರ ನಡೆದಿತ್ತು. ನೋಡಿರಿ! ಹಳೆಯ ಮಾತು “ಆಕೀ ಮೈಯಾಗ ನಿಲ್ಲೂದಿಲ್ಲ” ಎಂದು. ಹೊಸ ಮಾತು “ಆಕೆಯ ಮೈ ದೂಡುತ್ತದೆ” ಎಂದು. ಭಾಷೆ ಬದಲಾಯಿತು, ಆರೋಪಿ ಬದಲಾಗಲಿಲ್ಲ. ವಿಜ್ಞಾನದ ಅಂಗಿ ತೊಟ್ಟು ಬಂದ ಅದೇ ಹಳೆಯ ಅನ್ಯಾಯವಿದು.

ಸಾಹಿತ್ಯದ ಮಾಸಪತ್ರಿಕೆಯಲ್ಲಿ ವೈದ್ಯಕದ ಚರ್ಚೆ ಏಕೆಂದು ಕೆಲವರು ಕೇಳಬಹುದು. ಆದರೆ ಈ ಅನ್ಯಾಯ ನಡೆದದ್ದೆಲ್ಲ ಮಾತಿನಿಂದ. ‘ಪರಕೀಯ’, ‘ಶತ್ರು’, ‘ದಾಳಿ’, ‘ತಿರಸ್ಕಾರ’ ಎಂಬ ಯುದ್ಧದ ಶಬ್ದಗಳಿಂದ ತಾಯಿಯ ಒಡಲನ್ನು ವರ್ಣಿಸಿದ ಮೇಲೆ, ಕೂಸು ಉಳಿಯದಿದ್ದಾಗ ಕೊಂದವಳು ಯಾರೆಂಬ ಪ್ರಶ್ನೆ ತಾನಾಗಿಯೇ ಹುಟ್ಟುವದು. ಮಾತಿನ ತಪ್ಪನ್ನು ಮಾತಿನಿಂದಲೇ ತಿದ್ದಬೇಕು. ಅದು ಸಾಹಿತ್ಯದವರ ಕೆಲಸವೂ ಹೌದು.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳೋಣ. ಒಬ್ಬರ ಚರ್ಮವನ್ನೋ ಮೂತ್ರಪಿಂಡವನ್ನೋ ಮತ್ತೊಬ್ಬರಿಗೆ ಹಚ್ಚಿದರೆ, ಹಚ್ಚಿಸಿಕೊಂಡವರ ಮೈ ಅದನ್ನು ಅನ್ಯವೆಂದು ಗುರುತಿಸಿ ನಾಶ ಮಾಡುವದು. ಗರ್ಭದ ಕೂಸು ಅರ್ಧ ತಂದೆಯ ಅಂಶದ್ದು. ಅಂದರೆ ತಾಯಿಗೆ ಅರ್ಧ ಅನ್ಯ. ಹಾಗಿದ್ದು ಆಕೆ ಒಂಬತ್ತು ತಿಂಗಳು ಅದನ್ನು ಹೇಗೆ ಹೊರುವಳು? ಈ ಪ್ರಶ್ನೆಯನ್ನು ೧೯೫೩ರಲ್ಲಿ ಇಂಗ್ಲಂಡಿನ ಪೀಟರ್ ಮೆಡಾವರ್ ಎಂಬ ಪಂಡಿತನು ಸ್ಪಷ್ಟವಾಗಿ ಎತ್ತಿದನು. ಮೂರು ಉತ್ತರಗಳನ್ನೂ ಅವನು ಊಹಿಸಿದನು: ತಾಯಿಗೂ ಕೂಸಿಗೂ ನಡುವೆ ಗೋಡೆಯಿರಬಹುದು, ಕೂಸಿನ ಗುರುತುಗಳು ಇನ್ನೂ ಬಲಿತಿರಲಿಕ್ಕಿಲ್ಲ, ಅಥವಾ ಬಸಿರಿನಲ್ಲಿ ತಾಯಿಯ ರಕ್ಷಣಾಶಕ್ತಿಯೇ ಮಂದವಾಗಿರಬಹುದು. ಪ್ರಶ್ನೆ ಮಹತ್ವದ್ದು. ಆದರೆ ನಂತರದ ಎಪ್ಪತ್ತು ವರ್ಷಗಳ ಶೋಧನೆ ಈ ಮೂರು ಊಹೆಗಳಲ್ಲಿ ಒಂದನ್ನೂ ಇದ್ದಂತೆ ಉಳಿಸಲಿಲ್ಲ. ನಮ್ಮ ಹೊಸ ವಾದಿಗಳು ಮಾತ್ರ ಪ್ರಶ್ನೆಯನ್ನಷ್ಟೇ ಕಲಿತು ಉತ್ತರ ಬರುವ ಮೊದಲೇ ಶಾಲೆ ಬಿಟ್ಟವರಂತೆ ಮಾತಾಡುತ್ತಾರೆ.

ಉತ್ತರವನ್ನು ಬಸಿರಿನ ಮೊದಲ ದಿನದಿಂದ ನೋಡೋಣ. ತಾಯಿಯ ಅಂಡವೂ ತಂದೆಯ ಬೀಜವೂ ಕೂಡಿ ಒಂದು ಜೀವಕಣವಾದ ಹೊಸತರಲ್ಲಿ ಆ ಭ್ರೂಣದ ಸ್ವಂತ ವಂಶವಾಹಿಗಳು, ಅಂದರೆ ಜೀನುಗಳು, ಬಹುತೇಕ ಮಲಗಿರುವವು. ಹಾಗಾದರೆ ಅದು ಬದುಕುವದು ಯಾವದರ ಮೇಲೆ? ತಾಯಿಯು ಅಂಡದಲ್ಲಿ ಮೊದಲೇ ತುಂಬಿಟ್ಟ ಸಾಮಗ್ರಿಯ ಮೇಲೆ. ದೂರದ ದಾರಿಗೆ ಹೊರಟ ಮಗನಿಗೆ ತಾಯಿ ಬುತ್ತಿ ಕಟ್ಟಿಕೊಡುವಂತೆ ಇದು. ಕಣವು ಒಡೆದು ನಾಲ್ಕಾಗಿ ಎಂಟಾಗುವ ಹೊತ್ತಿಗೆ, ಅಂದರೆ ಸುಮಾರು ಮೂರನೆಯ ದಿನಕ್ಕೆ, ಭ್ರೂಣದ ಸ್ವಂತ ಜೀನುಗಳು ಎಚ್ಚರಗೊಳ್ಳುವವೆಂದು ೧೯೮೮ರಲ್ಲಿ ಗೊತ್ತಾಯಿತು. ತಾಯಿಯ ಮೈ ಭ್ರೂಣವನ್ನು ದ್ವೇಷಿಸುವದೆಂಬವರು ಈ ಮೊದಲ ಮೂರು ದಿನಗಳ ಬುತ್ತಿಗೆ ಏನು ಹೆಸರಿಡುವರು?

ಎಚ್ಚರಗೊಂಡ ಜೀನುಗಳಲ್ಲಿ ರಕ್ಷಣೆಗೆ ಸಂಬಂಧಿಸಿದವುಗಳೂ ಇರುವದು ಆಶ್ಚರ್ಯದ ಸಂಗತಿ. ಮನುಷ್ಯನ ವಂಶದ್ರವ್ಯದಲ್ಲಿ ನೂರಕ್ಕೆ ಸುಮಾರು ೮ ಪಾಲು, ಲಕ್ಷಾಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರ ಮೈ ಹೊಕ್ಕ ವಿಷಾಣುಗಳ ಅವಶೇಷ. ಇಂಥ ಒಂದು ಅವಶೇಷವು ಎಂಟು ಕಣಗಳ ಭ್ರೂಣದಲ್ಲಿ ಎದ್ದು, ಹೊರಗಿನ ವಿಷಾಣುಗಳನ್ನು ತಡೆಯುವ ಒಂದು ಜೀನನ್ನು ಚುರುಕುಗೊಳಿಸುವಂತೆ ತೋರುವದೆಂದು ೨೦೧೫ರಲ್ಲಿ ಪ್ರಕಟವಾಯಿತು. ಮತ್ತೊಂದು ಅವಶೇಷದಿಂದ ಹುಟ್ಟುವ ದ್ರವ್ಯವು ಮಾಸಿನ ಹೊರಪದರಿನ ಕಣಗಳನ್ನು ಒಂದಕ್ಕೊಂದು ಬೆಸೆಯುವದೆಂದು ೨೦೦೦ದಲ್ಲಿಯೇ ತಿಳಿದಿತ್ತು. ಹಳೆಯ ವೈರಿಯನ್ನೇ ಕೆಲಸಕ್ಕೆ ಇಟ್ಟುಕೊಂಡ ಸಂಸಾರವಿದು! ಗರ್ಭದ ಅಂಗಳದಲ್ಲಿ ಯುದ್ಧವನ್ನಲ್ಲದೆ ಬೇರೇನೂ ಕಾಣದವರ ಕಣ್ಣಿಗೆ ಈ ಸಂಗತಿ ಬೀಳುವದೇ ಇಲ್ಲ.

ಆರೇಳು ದಿನಗಳಾದ ಮೇಲೆ ಭ್ರೂಣವು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳತೊಡಗುವದು. ತಾಯಿಯ ರಕ್ಷಣಾಕಣಗಳಿಗೂ ಕೂಸಿನ ಕಣಗಳಿಗೂ ನಿಕಟವಾದ ಭೆಟ್ಟಿ ಇಲ್ಲಿಯೇ. ಪ್ರತಿಯೊಬ್ಬರ ಜೀವಕಣಗಳ ಮೇಲೂ ಅವರವರ ಗುರುತಿನ ಮುದ್ರೆಗಳಿರುವವು, ಇವಕ್ಕೆ ಎಚ್‌.ಎಲ್‌.ಎ. ಎಂದು ಹೆಸರು. ಮೂತ್ರಪಿಂಡ ಕೊಡುವಾಗ ಡಾಕ್ಟರರು ಹೊಂದಿಸಿ ನೋಡುವ ಮುದ್ರೆಗಳು ಇವೇ. ಮಾಸನ್ನು ಕಟ್ಟುವ ಭ್ರೂಣದ ಹೊರಕಣಗಳು, ಜಗಳ ಹಚ್ಚುವದರಲ್ಲಿ ಮುಖ್ಯವಾದ ‘ಎ’ ಮತ್ತು ‘ಬಿ’ ಮುದ್ರೆಗಳನ್ನು ತೋರಿಸುವದಿಲ್ಲ. ಅದರ ಬದಲು ‘ಜಿ’ ಎಂಬ ಮುದ್ರೆಯನ್ನು ಧರಿಸುವವು; ಅದು ಎಲ್ಲ ಮನುಷ್ಯರಲ್ಲಿ ಹೆಚ್ಚು ಕಡಿಮೆ ಒಂದೇ ಬಗೆಯದು, ಮೈಯ ಬೇರೆಡೆಯಲ್ಲಿ ಅಪರೂಪದ್ದು. ಪರರ ಮನೆಗೆ ಹೋದ ಮರ್ಯಾದಸ್ಥನು ತನ್ನ ಊರಿನ ಜಂಬ ಕೊಚ್ಚದೆ ನಮಸ್ಕಾರ ಮಾಡಿ ಕೂಡುವಂತೆ ಭ್ರೂಣದ ನಡತೆ.

ಮನೆಯವಳ ನಡತೆಯಾದರೂ ಎಂಥದು? ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರಿನಲ್ಲಿ ನೆರೆಯುವ ಬಿಳಿಯ ಕಣಗಳಲ್ಲಿ ನೂರಕ್ಕೆ ಸುಮಾರು ೭೦ರಷ್ಟು ಒಂದೇ ಜಾತಿಯವು. ಅವುಗಳಿಗೆ ಪಾಶ್ಚಾತ್ಯ ಪಂಡಿತರು ‘ಸ್ವಾಭಾವಿಕ ಕೊಲೆಗಾರ ಕಣ’ ಎಂದು ಹೆಸರಿಟ್ಟರು. ಹೆಸರು ಕೇಳಿದವರು ಅವು ಕೂಸನ್ನು ಕೊಲ್ಲಲಿಕ್ಕೆ ಬಂದವೆಂದೇ ತಿಳಿದರು. ಹೆಂಗಸರ ರಕ್ತದಲ್ಲಿ ಅವುಗಳನ್ನು ಎಣಿಸಿ ಭಯ ಹುಟ್ಟಿಸುವ ವ್ಯಾಪಾರವೂ ಬೆಳೆಯಿತು. ನಿಜದಲ್ಲಿ ಗರ್ಭಕೋಶದ ಈ ಕಣಗಳ ಕೆಲಸ ಬೇರೆ. ತಾಯಿಯ ರಕ್ತನಾಳಗಳನ್ನು ಅಗಲಿಸಿ ಮಾಸಿಗೆ ರಕ್ತ ಸಮೃದ್ಧವಾಗಿ ಹರಿಯುವಂತೆ ಮಾಡುವದಕ್ಕೆ ಇವು ಸಹಾಯ ಮಾಡುವವು. ಹೊಲಕ್ಕೆ ನೀರು ಹಾಯಿಸಲು ಕಾಲುವೆಯ ಬಾಯಿ ಬಿಡಿಸುವ ಆಳಿಗೆ ದರೋಡೆಗಾರನೆಂದು ಹೆಸರಿಟ್ಟರೆ ಹೇಗೋ ಹಾಗಾಯಿತು ಇದು. ಈ ಕಾಲುವೆ ಸರಿಯಾಗಿ ತೆರೆಯದಿದ್ದಾಗಲೇ ಬಸುರಿಗೆ ರಕ್ತದೊತ್ತಡ ಏರುವ, ಕೂಸು ಸೊರಗುವ ಅಪಾಯವಿರುವದು. ಅಂದರೆ ತಾಯಿಯ ರಕ್ಷಣಾಕಣಗಳು ಮಲಗಿದ್ದರಲ್ಲ, ಎದ್ದು ದುಡಿದರೆ ಕೂಸಿಗೆ ಕ್ಷೇಮ. ಮೆಡಾವರನ ಮೂರನೆಯ ಊಹೆ ಇಲ್ಲಿ ಬಿದ್ದುಹೋಯಿತು.

ಇನ್ನು ಸಹಿಷ್ಣುತೆಯ ಮಾತು. ಅದನ್ನು ಮೊದಲು ಕಲಿಸಿಕೊಟ್ಟದ್ದು ಒಕ್ಕಲಿಗರ ದನ. ೧೯೪೫ರಲ್ಲಿ ಅಮೇರಿಕೆಯ ರೇ ಓವೆನ್ ಎಂಬವನು ಅವಳಿ ಕರುಗಳ ರಕ್ತ ಪರೀಕ್ಷಿಸಿದನು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಾದರೂ, ಗರ್ಭದಲ್ಲಿ ರಕ್ತನಾಳಗಳು ಕೂಡಿಕೊಂಡಿದ್ದರಿಂದ, ಪ್ರತಿಯೊಂದರ ಮೈಯಲ್ಲಿಯೂ ಎರಡೂ ಬಗೆಯ ರಕ್ತಕಣಗಳು ಜಗಳವಿಲ್ಲದೆ ಬಾಳುತ್ತಿದ್ದವು. ರಕ್ಷಣಾಶಕ್ತಿ ಎಂಬುದು ಬರಿಯ ಕಾದಾಟವಲ್ಲ, ಸಹಬಾಳುವೆಯನ್ನು ಕಲಿಯಬಲ್ಲದ್ದೆಂಬ ಅರಿವು ಅಲ್ಲಿಂದ ಹೊರಟಿತು. ಇದೇ ದಾರಿಯಲ್ಲಿ ಮುಂದೆ ಸಾಗಿದ ಮೆಡಾವರನಿಗೂ ಆಸ್ಟ್ರೇಲಿಯದ ಬರ್ನೆಟ್‌ನಿಗೂ ೧೯೬೦ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ೧೯೯೫ರಲ್ಲಿ ಜಪಾನದ ಸಾಕಾಗುಚಿ ಎಂಬವರು ರಕ್ಷಣಾಸೈನ್ಯವನ್ನು ಹದ್ದಿನಲ್ಲಿಡುವ ಒಂದು ಬಗೆಯ ಬಿಳಿಯ ಕಣಗಳನ್ನು ತೋರಿಸಿಕೊಟ್ಟರು. ಪಂಚಾಯತಿಯ ಹಿರಿಯರಂತೆ ಅವು ಜಗಳವನ್ನು ಶಾಂತಗೊಳಿಸುವವು. ಇಂಥ ಕಣಗಳಿಲ್ಲದ ಇಲಿಗಳಲ್ಲಿ, ತಂದೆಯ ಜಾತಿ ಬೇರೆಯಾದ ಗರ್ಭಗಳು ಉಳಿಯುವದಿಲ್ಲವೆಂದು ೨೦೦೪ರಲ್ಲಿ ಸಿದ್ಧವಾಯಿತು. ಸಾಕಾಗುಚಿಯವರಿಗೂ ಅಮೇರಿಕೆಯ ಇಬ್ಬರು ಸಂಶೋಧಕರಿಗೂ ೨೦೨೫ರ ನೊಬೆಲ್ ಪಾರಿತೋಷಕ ದೊರೆತದ್ದು ಈ ಸಹಿಷ್ಣುತೆಯ ಶೋಧನೆಗಾಗಿಯೇ. ಜಗತ್ತಿನ ಪಂಡಿತರು ಸಹಿಷ್ಣುತೆಗೆ ಹಾರ ಹಾಕುತ್ತಿರುವಾಗ ನಾವು ಅಟ್ಟದ ತೊಟ್ಟಿಲ ಕೆಳಗೆ ನಿಂತು ‘ತಿರಸ್ಕಾರ’ ಎಂದು ಒದರುತ್ತಿದ್ದೇವೆ!

ಗೋಡೆಯ ಊಹೆ ಏನಾಯಿತೆಂದು ಕೇಳುವಿರಾ? ಗೋಡೆ ಇದ್ದದ್ದು ನಿಜ, ಆದರೆ ಅದರಲ್ಲಿ ಬಾಗಿಲುಗಳಿವೆ. ತಾಯಿಯ ಮೈಯಲ್ಲಿಯ ಪ್ರತಿವಿಷಗಳು ಮಾಸನ್ನು ದಾಟಿ ಕೂಸಿಗೆ ಹೋಗುವವು. ಬಸುರಿಗೆ ಧನುರ್ವಾಯುವಿನ ಲಸಿಕೆ ಹಾಕಿದರೆ ಹುಟ್ಟಲಿರುವ ಕೂಸಿಗೂ ರಕ್ಷಣೆ ದೊರೆಯುವದು ಇದರಿಂದಲೇ. ಒಂದು ಕಾಲಕ್ಕೆ ಹಸುಗೂಸುಗಳನ್ನು ಒಯ್ಯುತ್ತಿದ್ದ ಆ ರೋಗ, ಆರೋಗ್ಯದ ಗಂಡಾಂತರವಾಗಿ ಉಳಿದಿಲ್ಲವೆಂದು ೨೦೧೫ರಲ್ಲಿ ನಮ್ಮ ದೇಶದ ಮಟ್ಟಿಗೆ ಪ್ರಮಾಣಿತವಾಯಿತು. ಯಾವ ರಕ್ಷಣಾಶಕ್ತಿಯನ್ನು ನೀವು ಕೊಲೆಗಾರಳೆಂದು ದೂರುವಿರೋ ಅದೇ ನಿಮ್ಮ ಮೊಮ್ಮಕ್ಕಳ ಮೊದಲ ಕವಚ! ಕೂಸಿನ ಕಡೆಯಿಂದಲೂ ಬಾಗಿಲು ತೆರೆದೇ ಇದೆ. ಗಂಡುಮಗು ಹೆತ್ತ ಒಬ್ಬ ತಾಯಿಯ ರಕ್ತದಲ್ಲಿ, ಆ ಮಗ ಹುಟ್ಟಿದ ೨೭ ವರ್ಷಗಳ ಮೇಲೆಯೂ ಗಂಡಿನ ಗುರುತುಳ್ಳ ಕಣಗಳು ಜೀವಂತವಾಗಿ ಸಿಕ್ಕವೆಂದು ೧೯೯೬ರಲ್ಲಿ ಅಮೇರಿಕೆಯ ಡಯಾನಾ ಬಿಯಾಂಕಿ ಮೊದಲಾದವರು ಪ್ರಕಟಿಸಿದರು. ದಿನ ತುಂಬದ ಬಸಿರಿನಿಂದಲೂ ಇಂಥ ಕಣಗಳು ತಾಯಿಯಲ್ಲಿ ಸೇರಿಕೊಳ್ಳುವದುಂಟು. ಬುಟ್ಟಿಯಿಂದ ಕೈ ಹಿಂತೆಗೆದ ಆ ಸೊಸೆ ತನ್ನ ಕಳೆದುಹೋದ ಕೂಸುಗಳ ಕುರುಹನ್ನು ತನ್ನ ಮೈಯಲ್ಲಿಯೇ ಹೊತ್ತಿರಬಹುದು. ಆಕೆ ದೂಡಿದವಳಲ್ಲ, ಮನೆಯವರೆಲ್ಲ ಮರೆತ ಮೇಲೂ ಇಟ್ಟುಕೊಂಡವಳು.

ಹಾಗಾದರೆ ಬಸಿರು ಇಳಿಯುವದೇಕೆ? ಇದಕ್ಕೆ ಒಕ್ಕಲಿಗರ ನ್ಯಾಯವನ್ನೇ ಹಚ್ಚೋಣ. ಅಣ್ಣಿಗೇರಿಯ ಎರಿಯಲ್ಲಿ ಕಡಲೆ ಬಿತ್ತಿ ಅದು ನಾಟದೆ ಹೋದರೆ, ಜಾಣ ಒಕ್ಕಲಿಗನು ಬೀಜ ಹೇಗಿತ್ತೆಂದು ಮೊದಲು ನೋಡುವನೇ ಹೊರತು ಭೂತಾಯಿಗೆ ಒದೆಯುವದಿಲ್ಲ. ಮೊದಲ ಮೂರು ತಿಂಗಳಲ್ಲಿ ಇಳಿಯುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ, ಭ್ರೂಣದ ವರ್ಣತಂತುಗಳ ಎಣಿಕೆ ತಪ್ಪಿರುವದು. ೪೬ ಇರಬೇಕಾದಲ್ಲಿ ಒಂದು ಹೆಚ್ಚೋ ಕಡಿಮೆಯೋ ಆದರೆ ಬಹುತೇಕ ಅಂಥ ಭ್ರೂಣ ಬೆಳೆಯಲಾರದು. ಈ ತಪ್ಪು ಅಂಡ ಅಥವಾ ಬೀಜ ರೂಪಗೊಳ್ಳುವಾಗ, ಇಲ್ಲವೆ ಅವು ಕೂಡಿದ ಮೇಲೆ ಕಣ ಒಡೆಯುವಾಗ ಆಗುವದು. ಹೆಚ್ಚಾಗಿ ಅದು ಅಂಡದಲ್ಲಿಯೇ ಆಗುವದೆಂಬುದನ್ನೂ, ವಯಸ್ಸು ಏರಿದಂತೆ ಹೆಚ್ಚುವದೆಂಬುದನ್ನೂ ನಾನು ಮುಚ್ಚಿಡುವದಿಲ್ಲ. ಆದರೆ ಅಂಡಗಳು ಹೆಣ್ಣುಮಗಳು ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ಹುಟ್ಟಿದವುಗಳು. ಕೊಡ ಹೊತ್ತದ್ದು, ಪಪ್ಪಾಯಿ ತಿಂದದ್ದು, ಗ್ರಹಣ ನೋಡಿದ್ದು, ಅತ್ತೆಗೆ ಎದುರು ಮಾತಾಡಿದ್ದು, ಇವುಗಳಿಂದ ವರ್ಣತಂತುಗಳ ಎಣಿಕೆ ತಪ್ಪುವದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾವು ನಗುತ್ತ ಹೇಳುವೆವು. ಮನೆಯೊಳಗೆ ಅದನ್ನೇ ನಡೆಸುವೆವು.

ಉಳಿದ ಅರ್ಧದಲ್ಲಿ ರಕ್ಷಣಾಶಕ್ತಿಯ ದೋಷ ಸರ್ವಥಾ ಇಲ್ಲವೇ? ಉಂಟು. ಕೆಲವು ಹೆಂಗಸರಲ್ಲಿ ಅವರ ಪ್ರತಿವಿಷಗಳು ಅವರ ಮೈಯ ದ್ರವ್ಯಗಳ ಮೇಲೆಯೇ ತಿರುಗಿ ರಕ್ತ ಹೆಪ್ಪುಗಟ್ಟಿಸಿ ಬಸಿರನ್ನು ಕೆಡಿಸುವದುಂಟು. ಇದಕ್ಕೆ ಆಂಟಿಫಾಸ್ಫೋಲಿಪಿಡ್ ರೋಗವೆಂದು ಹೆಸರು. ಆದರೆ ಇದನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿಯಬಹುದು. ಆಸ್ಪಿರಿನ್ ಮತ್ತು ಹೆಪಾರಿನ್ ಎಂಬ ಔಷಧಗಳಿಂದ ಎಷ್ಟೋ ಕೂಸುಗಳನ್ನು ಉಳಿಸಬಹುದು. ಥೈರಾಯ್ಡ್ ಗ್ರಂಥಿಯ ಏರುಪೇರು, ಮಧುಮೇಹ, ಗರ್ಭಕೋಶದ ಆಕಾರದ ವ್ಯತ್ಯಾಸ, ಗಂಡಹೆಂಡಿರಲ್ಲಿ ಒಬ್ಬರ ವರ್ಣತಂತುಗಳ ಜೋಡಣೆಯ ವ್ಯತ್ಯಾಸ, ಇವೂ ಪರೀಕ್ಷಿಸಿ ನೋಡತಕ್ಕ ಕಾರಣಗಳೇ. ಪರೀಕ್ಷೆ ಮಾಡಿಸದೆ ಶಿಕ್ಷೆ ಕೊಡುವದು ಯಾವ ಊರಿನ ನ್ಯಾಯ?

ನಮ್ಮ ಕಡೆಯ ಇನ್ನೊಂದು ಆರೋಪವನ್ನೂ ತೂಗಿ ನೋಡಬೇಕು. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಂಡ ಮನೆಯಲ್ಲಿ ಬಸಿರು ಇಳಿದರೆ “ರಕ್ತ ಒಂದೇ ಆಯಿತು” ಎನ್ನುವರು; ಹೊರಗಿನ ಹೆಣ್ಣಾದರೆ “ರಕ್ತ ಕೂಡಲಿಲ್ಲ” ಎನ್ನುವರು. ಎರಡೂ ದಾರಿಯಲ್ಲಿ ಗುಂಡಿ ತೋಡಿದ್ದು ಹೆಣ್ಣಿಗಾಗಿಯೇ! ಕರ್ನಾಟಕದಲ್ಲಿ ಒಳಸಂಬಂಧಗಳು ಎಷ್ಟು ಸಾಮಾನ್ಯವೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾಯರೂ ಅವರ ಜೊತೆಗಾರರೂ ಅಭ್ಯಾಸ ಮಾಡಿದ್ದಾರೆ. ೧೯೮೦ರಿಂದ ೧೯೮೯ರ ವರೆಗೆ ಬೆಂಗಳೂರು ಮೈಸೂರುಗಳ ಹೆರಿಗೆಮನೆಗಳಲ್ಲಿ ವಿಚಾರಿಸಲು, ಸುಮಾರು ಮೂರು ಮದುವೆಗಳಲ್ಲಿ ಒಂದು ಒಳಸಂಬಂಧದ್ದಾಗಿತ್ತು. ಅವುಗಳಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟವು ಬಹಳ. ಗಂಡಹೆಂಡಿರ ಎಚ್‌.ಎಲ್‌.ಎ. ಮುದ್ರೆಗಳು ಒಂದೇ ಆದರೆ ತಾಯಿಯ ಮೈ ಕೂಸನ್ನು ಗುರುತಿಸದೆ ಗರ್ಭನಷ್ಟ ಹೆಚ್ಚುವದೆಂಬ ತರ್ಕವೂ ಉಂಟು. ಅಮೇರಿಕೆಯ ಹಟರೈಟ್ ಎಂಬ, ತಮ್ಮೊಳಗೇ ಲಗ್ನವಾಗುವ ಪಂಗಡದಲ್ಲಿ ಕ್ಯಾರೋಲ್ ಓಬರ್ ಎಂಬ ವಿದುಷಿ ೧೯೯೮ರಲ್ಲಿ ಇಂಥ ಸ್ವಲ್ಪ ಹೆಚ್ಚಳವನ್ನು ಕಂಡಳು. ಆದರೆ ನಮ್ಮ ನೆರೆಯ ತಮಿಳುನಾಡಿನಲ್ಲಿ, ಒಳಸಂಬಂಧ ಶತಮಾನಗಳಿಂದ ನಡೆದುಬಂದ ಜನರಲ್ಲಿ, ವೆಲ್ಲೂರಿನ ಪಂಡಿತರು ದೊಡ್ಡ ಸಂಖ್ಯೆಯ ಕುಟುಂಬಗಳನ್ನು ನೋಡಿ ೧೯೭೭ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ ಗರ್ಭನಷ್ಟದ ಮಟ್ಟಿಗೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಇದರಿಂದ ನಾನು ಒಳಸಂಬಂಧದ ವಕೀಲಿ ಮಾಡುತ್ತೇನೆಂದು ಯಾರೂ ತಿಳಿಯಬಾರದು. ಹುಟ್ಟಿದ ಮಕ್ಕಳಲ್ಲಿ ಕಿವುಡು ಮೊದಲಾದ ಕೆಲವು ಆನುವಂಶಿಕ ರೋಗಗಳು ಅಂಥ ಮದುವೆಗಳಲ್ಲಿ ಹೆಚ್ಚುವದು ನಿಜ. ಲಗ್ನ ಗೊತ್ತುಮಾಡುವ ಹಿರಿಯರು ಅದನ್ನು ವಿಚಾರಿಸಲೇಬೇಕು. ಆದರೆ ಹಿರಿಯರು ಗೊತ್ತುಮಾಡಿದ ಲಗ್ನದ ಫಲಕ್ಕೆ ಸೊಸೆಯೊಬ್ಬಳೇ ಹೊಣೆಗಾರಳಾಗುವದು ಹೇಗೆ?

ಈಗ ಆ ಕಾಗದದ ಚಿಕಿತ್ಸೆಗೆ ಬರೋಣ. ಗಂಡನ ಬಿಳಿಯ ಕಣಗಳನ್ನು ಹೆಂಡತಿಗೆ ಚುಚ್ಚುವ ಪದ್ಧತಿ ಹೊಸದಲ್ಲ. ಅದರ ಗುಣವನ್ನು ಪರೀಕ್ಷಿಸಲು ಅದೇ ಓಬರ್ ಮೊದಲಾದವರು, ಪದೇ ಪದೇ ಗರ್ಭನಷ್ಟವಾದ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗಂಡನ ಕಣಗಳನ್ನೂ ಇನ್ನೊಂದಕ್ಕೆ ಬರಿಯ ಉಪ್ಪುನೀರನ್ನೂ ಕೊಟ್ಟರು. ೧೯೯೯ರಲ್ಲಿ ಫಲ ಪ್ರಕಟವಾಯಿತು. ಕಣ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ೩೬ ಜನರ ಬಸಿರು ನಿಂತಿತು, ಉಪ್ಪುನೀರಿನವರಲ್ಲಿ ೪೮! ೨೦೦೨ರಲ್ಲಿ ಅಮೇರಿಕೆಯ ಔಷಧಾಧಿಕಾರಿಗಳು, ಸಂಶೋಧನೆಯ ಅನುಮತಿಯಿಲ್ಲದೆ ಈ ಚಿಕಿತ್ಸೆ ಕೊಡಕೂಡದೆಂದು ತಡೆದರು. ಹೀಗಿದ್ದೂ ಇದನ್ನು ಹೊಲ ಅಡವು ಇಟ್ಟ ಹಣಕ್ಕೆ ಮಾರುವದನ್ನು ಏನೆಂದು ಕರೆಯಬೇಕೋ ವಾಚಕರೇ ಹೇಳಲಿ. “ನಮ್ಮವರೊಬ್ಬರಿಗೆ ಗುಣವಾಯಿತಲ್ಲ” ಎಂದು ಕೆಲವರು ಸಾಕ್ಷಿ ಹೇಳುವರು. ಕಾರಣ ತಿಳಿಯದೆ ಮೇಲಿಂದ ಮೇಲೆ ಬಸಿರು ಇಳಿದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನರು, ವಿಶೇಷ ಚಿಕಿತ್ಸೆಯಿಲ್ಲದೆ ಒಳ್ಳೆಯ ಆರೈಕೆಯಿಂದಲೇ, ಮುಂದಿನ ಬಸಿರಿನಲ್ಲಿ ಕೂಸನ್ನು ಕಾಣುವರು. ಕಾಗೆ ಕೂಡುವದಕ್ಕೂ ಟೊಂಗೆ ಮುರಿಯುವದಕ್ಕೂ ಸರಿಹೋದರೆ ಮುರಿದದ್ದು ಕಾಗೆಯ ಪರಾಕ್ರಮವಾಗುವದಿಲ್ಲ. ಹೋಳಿಯ ಹೊತ್ತಿಗೆ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಸಂತಾನದ ಹರಕೆ ಹೊರುವವರನ್ನು ಸುಶಿಕ್ಷಿತರು ನಗುವರು. ಹರಕೆ ಹೊತ್ತವನು ಹೊಲವನ್ನಂತೂ ಅಡವು ಇಡುವದಿಲ್ಲ. ನಗುವವರು ಮೊದಲು ತಮ್ಮ ಕಿಸೆಯ ಕಾಗದವನ್ನು ನೋಡಿಕೊಳ್ಳಲಿ.

ಇನ್ನು ಕೊನೆಯದೊಂದು ಸಂಗತಿ. ತಾಯಿಯ ಪ್ರತಿವಿಷವು ಕೂಸಿನ ರಕ್ತದ ಮೇಲೆ ನಿಜವಾಗಿಯೇ ಬೀಳುವ ಒಂದು ಪ್ರಸಂಗವಿದೆ. ತಾಯಿಯ ರಕ್ತ ಆರ್‌ಎಚ್‌ ನೆಗೆಟಿವ್ ಆಗಿದ್ದು, ಕೂಸಿನದು ತಂದೆಯಂತೆ ಪಾಜಿಟಿವ್ ಆಗಿದ್ದರೆ, ಚೊಚ್ಚಲ ಹೆರಿಗೆಯಲ್ಲಿ ಕೂಸಿನ ರಕ್ತ ತಾಯಿಗೆ ತಗಲಿ ಆಕೆಯಲ್ಲಿ ಪ್ರತಿವಿಷ ಹುಟ್ಟಬಹುದು. ಚೊಚ್ಚಲ ಕೂಸು ಸಾಮಾನ್ಯವಾಗಿ ಸುರಕ್ಷಿತ. ಮುಂದಿನ ಕೂಸುಗಳು ರಕ್ತ ಒಡೆದು, ದಿನ ತುಂಬುವ ಮೊದಲೇ ಸಾಯಬಹುದು ಅಥವಾ ಹುಟ್ಟಿದೊಡನೆ ಕಾಮಾಲೆಯಿಂದ ನರಳಬಹುದು. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ೫ ಜನ ನೆಗೆಟಿವ್ ರಕ್ತದವರು. ಇದಕ್ಕೆ ೧೯೬೮ರಿಂದ ಔಷಧವುಂಟು: ಆಂಟಿ-ಡಿ ಎಂಬ ಚುಚ್ಚುಮದ್ದು. ಬಸಿರಿನ ಏಳನೆಯ ತಿಂಗಳ ಸುಮಾರಿಗೆ ಒಮ್ಮೆ, ಪಾಜಿಟಿವ್ ಕೂಸು ಹುಟ್ಟಿದ ೭೨ ತಾಸುಗಳೊಳಗೆ ಒಮ್ಮೆ ಕೊಟ್ಟರೆ ಪ್ರತಿವಿಷ ಹುಟ್ಟುವದನ್ನು ಬಹುಮಟ್ಟಿಗೆ ತಡೆಯಬಹುದು. ಬಸಿರು ಇಳಿದಾಗಲೂ ಇದು ಬೇಕೇ ಎಂದು ಡಾಕ್ಟರರನ್ನು ಕೇಳಬೇಕು. ಪ್ರತಿವಿಷ ಒಮ್ಮೆ ಹುಟ್ಟಿತೆಂದರೆ ಈ ಮದ್ದು ಉಪಯೋಗಕ್ಕೆ ಬಾರದು; ಆದ್ದರಿಂದ ತಡಮಾಡುವಂತಿಲ್ಲ. ಇಲ್ಲಿ ಕೂಸು ಸತ್ತರೆ ಅಪರಾಧಿ ಯಾರು? ಹುಟ್ಟಿನಿಂದ ಬಂದ ರಕ್ತದ ಗುಂಪಿಗೆ ತಾಯಿ ಹೊಣೆಯಲ್ಲ. ರಕ್ತ ನೋಡಿಸದ ಗಂಡ ಹೊಣೆ, ಕೇಳದ ಮನೆ ಹೊಣೆ, ಔಷಧವಿದ್ದೂ ವಿಚಾರಿಸದ ನಾವೆಲ್ಲರೂ ಹೊಣೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಬಸಿರು ನಿಂತ ಮೊದಲ ತಿಂಗಳುಗಳಲ್ಲಿಯೇ ಹೆಸರು ನೋಂದಿಸಿ ತಾಯಿ ಕಾರ್ಡು ಪಡೆಯಿರಿ. ಅದರಲ್ಲಿ ರಕ್ತದ ಗುಂಪು ಬರೆದಿದೆಯೇ ಎಂದು ಗಂಡನಾದವನೇ ಓದಿ ನೋಡಲಿ, ತನ್ನ ಗುಂಪನ್ನೂ ನೋಡಿಸಲಿ. ೨೦೧೬ರಲ್ಲಿ ಆರಂಭವಾದ ಯೋಜನೆಯಂತೆ ಪ್ರತಿ ತಿಂಗಳ ೯ನೆಯ ತಾರೀಖಿಗೆ ಸರಕಾರಿ ದವಾಖಾನೆಗಳಲ್ಲಿ ಬಸುರಿಯರ ಪರೀಕ್ಷೆ ಪುಕ್ಕಟೆಯಾಗಿ ನಡೆಯುವದು. ಆ ದಿನ ಹೊಲದ ಕೆಲಸ ಬಿಟ್ಟು ಜೊತೆಗೆ ಹೋಗಿರಿ. ತಾಲೂಕಿನ ದವಾಖಾನೆಯಲ್ಲಿ ಆಂಟಿ-ಡಿ ಮದ್ದು ಸದಾ ಇದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿರಿ. ರಸ್ತೆ, ಗಟಾರಗಳನ್ನು ಕೇಳುವ ನಾಲಿಗೆ ಇದನ್ನೂ ಕೇಳಲಿ. ಮೇಲಿಂದ ಮೇಲೆ ಬಸಿರು ಇಳಿದರೆ ಗಂಡಹೆಂಡಿರಿಬ್ಬರೂ ಪರೀಕ್ಷೆಗೆ ಒಳಗಾಗಲಿ. ಹೊಲ ಅಡವು ಇಡುವ ಮೊದಲು ಎರಡನೆಯ ಡಾಕ್ಟರರ ಅಭಿಪ್ರಾಯ ಕೇಳಿರಿ. ಲೇಖಕರಾದ ನಾವು ‘ಬಂಜೆ’ ಎಂಬ ಶಬ್ದವನ್ನು ಉಪಮೆಗೆ ಎಳೆದು ತರುವ ಮೊದಲು ಒಂದು ಗಳಿಗೆ ಲೇಖನಿ ನಿಲ್ಲಿಸೋಣ.

ಮುಂದಿನ ಶೀಗಿ ಹುಣ್ಣಿಮೆಗೆ ಮತ್ತೆ ಗಾಡಿಗಳು ಹೂಡುವವು. ಚರಗದ ಬುಟ್ಟಿಯನ್ನು ಮೊದಲು ಯಾರ ಕೈಗೆ ಕೊಡಬೇಕೆಂದು ಮನೆಯ ಹಿರಿಯರು ವಿಚಾರಿಸಲಿ. ಬಸಿರು ಹೊತ್ತು ಕಳೆದುಕೊಂಡವಳಿಗಿಂತ ಭೂತಾಯಿಯ ಬಯಕೆಯನ್ನು ಹೆಚ್ಚಾಗಿ ಬಲ್ಲವರು ಯಾರಿದ್ದಾರೆ? ತೊಟ್ಟಿಲು ತುಂಬುವದೂ ಬಿಡುವದೂ ನಮ್ಮ ಕೈಯೊಳಗಿನ ಮಾತಲ್ಲದಿರಬಹುದು. ಬುಟ್ಟಿ ಕೊಡುವದು ನಮ್ಮ ಕೈಯೊಳಗಿನ ಮಾತೇ ಆಗಿದೆ.